ಕಿತ್ತಳೆ ಬಣ್ಣದ ಹಸಿರು ಪಾಚಿ: ಗೋಡೆಯ ಮೇಲೂ ಎಲೆಯ ಮೇಲೂ ಒಂದೇ ಕುಟುಂಬ

ಕರಾವಳಿ ಮತ್ತು ಮಲೆನಾಡಿನ ಪೇಟೆಗಳಲ್ಲಿ ಉಗ್ರಾಣ, ಗೇರುಬೀಜದ ಕಾರ್ಖಾನೆ, ಅಂಗಡಿ ಸಂಕೀರ್ಣ ಅಥವಾ ವಾಸದ ಮನೆಯನ್ನು ಹೊಂದಿರುವ ನಮ್ಮ ಸದಸ್ಯರಲ್ಲಿ ಬಹುಮಂದಿಗೆ ಒಂದು ದೃಶ್ಯ ಚಿರಪರಿಚಿತವಾದುದು. ಮಳೆಗಾಲ ಕಳೆದು ಆಕಾಶ ತಿಳಿಯಾಗುತ್ತಿದ್ದಂತೆ, ನೆರಳಿನ ಬದಿಯ ಗೋಡೆಗಳಲ್ಲಿಯೂ ಆವರಣದ ಕಲ್ಲುಗಳಲ್ಲಿಯೂ ತೆಂಗು, ಮಾವಿನ ಕಾಂಡಗಳಲ್ಲಿಯೂ ಕಿತ್ತಳೆ ಅಥವಾ ಇಟ್ಟಿಗೆಗೆಂಪು ಬಣ್ಣದ ಪಟ್ಟೆಗಳು ಕಾಣಿಸಿಕೊಳ್ಳುತ್ತವೆ. ಅದನ್ನು ಕಬ್ಬಿಣದ ತುಕ್ಕೆಂದು ಕೆಲವರು ಭಾವಿಸುತ್ತಾರೆ. ಒಳಗಿನ ಮುರಕಲ್ಲಿನ ಬಣ್ಣ ಒಸರಿ ಹೊರಬಂದಿದೆಯೆಂದು ಕೆಲವರು ಹೇಳುತ್ತಾರೆ. ಇನ್ನು ಕೆಲವರು ಬಳಿದ ಬಣ್ಣವೇ ಕಳಪೆಯೆಂದು ನಿರ್ಧರಿಸಿಬಿಡುತ್ತಾರೆ. ವಾಸ್ತವವಾಗಿ ಅದು ಇವು ಯಾವುವೂ ಅಲ್ಲ. ಅದು ಉಸಿರಾಡುವ, ಬೆಳೆಯುವ, ಸಂತಾನವನ್ನು ಹರಡುವ ಒಂದು ಜೀವಿ. ಇನ್ನೂ ಸೋಜಿಗದ ಸಂಗತಿಯೆಂದರೆ, ಜೀವವಿಜ್ಞಾನದ ವರ್ಗೀಕರಣದಲ್ಲಿ ಅದು ಹಸಿರು ಪಾಚಿಗಳ ಗುಂಪಿಗೆ ಸೇರಿದೆ. ಟ್ರೆಂಟೆಪೋಲಿಯೇಸಿ ಎಂಬುದು ಅದರ ಕುಟುಂಬದ ಹೆಸರು.

ವಾಣಿಜ್ಯ ಪತ್ರಿಕೆಯಲ್ಲಿ ಪಾಚಿಯ ಪ್ರಸ್ತಾಪವೇಕೆಂದು ಓದುಗರು ಕೇಳಬಹುದು. ಮೂರು ವರ್ಷಗಳ ಹಿಂದೆ ಈ ಲೇಖಕನಿಗೆ ಪರಿಚಿತರಾದ ಅಡಿಕೆ ವ್ಯಾಪಾರಿಯೊಬ್ಬರ ಉಗ್ರಾಣದ ವಿಷಯದಲ್ಲಿ ತಕರಾರೊಂದು ಉದ್ಭವಿಸಿತು. ಗೋಡೆಗೆ ಹೊಸ ಬಣ್ಣ ಬಳಿಸಿ ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ, ಪಕ್ಕದ ತೋಟದ ನೆರಳು ಬೀಳುವ ಬದಿಯು ಆಳೆತ್ತರದವರೆಗೆ ಕಿತ್ತಳೆಯಾಯಿತು. ಮಾಲೀಕರು ಗುತ್ತಿಗೆದಾರರ ಭದ್ರತಾ ಠೇವಣಿಯನ್ನು ತಡೆಹಿಡಿದರು. "ಸ್ವಾಮೀ, ಬಣ್ಣ ನನ್ನದು, ತುಕ್ಕು ನಿಮ್ಮ ಸರಳಿನದು" ಎಂದು ಗುತ್ತಿಗೆದಾರರು ಉತ್ತರ ಕೊಟ್ಟರು. ಗೋಡೆಯೊಳಗೆ ನೀರಿನ ಸೋರಿಕೆಯಿದೆಯೆಂದು ಬಣ್ಣದ ಅಂಗಡಿಯವರು ಹೇಳಿದರು. ಕಂಬಗಳ ಒಳಗಿನ ಸರಳುಗಳು ತುಕ್ಕು ಹಿಡಿದಿದ್ದರೆ ಕಟ್ಟಡಕ್ಕೇ ಅಪಾಯವೆಂಬ ಭಯದಿಂದ ಮಾಲೀಕರು ಗಾರೆಯನ್ನು ಒಡೆಸಿ ನೋಡಲು ಸಿದ್ಧರಾಗಿದ್ದರು. ಹಾಗೆ ಒಡೆಸಿದ್ದರೆ ತಗಲುತ್ತಿದ್ದ ವೆಚ್ಚವು ಠೇವಣಿಯ ಅನೇಕ ಪಟ್ಟು ಆಗುತ್ತಿತ್ತು. ಆ ತಕರಾರು ಹೇಗೆ ಇತ್ಯರ್ಥವಾಯಿತೆಂಬುದನ್ನು ಮುಂದೆ ಹೇಳಲಾಗುವುದು. ಅದಕ್ಕೆ ಮೊದಲು ಈ ಜೀವಿಯ ಪರಿಚಯವನ್ನು ಮಾಡಿಕೊಳ್ಳುವುದು ಅವಶ್ಯ.

ಹಸಿರಲ್ಲದ ಹಸಿರು

ಪಾಚಿಗಳನ್ನು ವಿಂಗಡಿಸುವಾಗ ವಿಜ್ಞಾನಿಗಳು ಹೊರಗಣ ಬಣ್ಣವೊಂದನ್ನೇ ನೋಡುವುದಿಲ್ಲ. ಎ ಮತ್ತು ಬಿ ಎಂಬ ಎರಡು ಬಗೆಯ ಎಲೆಹಸಿರನ್ನು ಹೊಂದಿದ್ದು, ತಯಾರಿಸಿದ ಆಹಾರವನ್ನು ಪಿಷ್ಟದ ರೂಪದಲ್ಲಿ ಹರಿತ್ತು ಕಣಗಳೊಳಗೇ ಕೂಡಿಡುವಂಥವು ಹಸಿರು ಪಾಚಿಗಳು. ಟ್ರೆಂಟೆಪೋಲಿಯೇಸಿ ಕುಟುಂಬದ ಸದಸ್ಯರಲ್ಲಿ ಈ ಎರಡು ಲಕ್ಷಣಗಳೂ ಇವೆ. ಆದರೆ ಅವುಗಳ ಜೀವಕೋಶಗಳಲ್ಲಿ ಎಣ್ಣೆಯ ಹನಿಗಳಲ್ಲಿ ಕರಗಿರುವ ಬೀಟಾ ಕ್ಯಾರೋಟಿನ್ ಹೇರಳವಾಗಿ ತುಂಬಿಕೊಂಡಿದ್ದು, ಒಳಗಿನ ಹಸಿರನ್ನು ಮರೆಮಾಡಿಬಿಡುತ್ತದೆ. ಗಜ್ಜರಿಗೆ ಬಣ್ಣವನ್ನು ಕೊಡುವ ವಸ್ತುವೂ ಇದೇ.

ಈ ಕೆಂಪು ಅಲಂಕಾರಕ್ಕಾಗಿ ಇರುವುದಲ್ಲ. ನೀರಿನಲ್ಲಿರುವ ಪಾಚಿಗೆ ಬಿಸಿಲಿನ ತೀಕ್ಷ್ಣತೆಯಿಂದ ನೀರೇ ರಕ್ಷಣೆ ಕೊಡುತ್ತದೆ. ಗೋಡೆಯ ಮೇಲೆ ಕುಳಿತ ಪಾಚಿಗೆ ಆ ಆಶ್ರಯವಿಲ್ಲ. ಆದ್ದರಿಂದ ಅದು ತನ್ನ ಕೊಡೆಯನ್ನು ತಾನೇ ಹೊಲಿದುಕೊಳ್ಳುತ್ತದೆ. ಬಿಸಿಲು ಹೆಚ್ಚಿ ಸಾರಜನಕದ ಪೂರೈಕೆ ಕಡಿಮೆಯಾದಂತೆಲ್ಲ ಕ್ಯಾರೋಟಿನ್ನಿನ ಸಂಗ್ರಹವೂ ಹೆಚ್ಚುತ್ತದೆ. ನೆರಳು, ತೇವ ಮತ್ತು ಪೋಷಕಾಂಶಗಳು ಧಾರಾಳವಾಗಿ ದೊರೆಯುವಲ್ಲಿ ಅದೇ ಪಾಚಿ ಹಸಿರು ಮಿಶ್ರಿತ ಹಳದಿಯಾಗಿ ಕಾಣುತ್ತದೆ. ಪ್ರಯೋಗಾಲಯದ ದ್ರಾವಣದಲ್ಲಿ ಬೆಳೆಸಿದರೆ ಕಿತ್ತಳೆ ಬಣ್ಣ ಕಳೆದು ಹಸಿರೇ ಆಗುತ್ತದೆ. ಒಂದೇ ಗೋಡೆಯ ಕೆಳಭಾಗ ಹಸಿರಾಗಿಯೂ ಮೇಲ್ಭಾಗ ಕೆಂಪಾಗಿಯೂ ಇರುವುದನ್ನು ನೋಡಿ ಎರಡು ರೋಗಗಳೆಂದು ಭ್ರಮಿಸಬೇಕಾಗಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

1753ರಲ್ಲಿ ಲಿನೇಯಸ್ ಈ ಜೀವಿಗಳನ್ನು ದಾಖಲಿಸುವಾಗ ಒಂದಕ್ಕೆ ನೇರಿಳೆ ಹೂವಿನ ಕಲ್ಲು ಎಂಬ ಅರ್ಥ ಬರುವ ಹೆಸರನ್ನು ಕೊಟ್ಟನು. ಒದ್ದೆಯಾದಾಗ ಅದು ಯುರೋಪಿನ ವಯಲೆಟ್ ಹೂವಿನ ಪರಿಮಳವನ್ನು ಬೀರುತ್ತಿತ್ತು. 1817ರಲ್ಲಿ, ಬ್ರೆಜಿಲ್ ದೇಶದ ಸಸ್ಯಸಂಪತ್ತಿನ ಅಧ್ಯಯನದಿಂದ ಮುಂದೆ ಪ್ರಖ್ಯಾತನಾದ ಮಾರ್ಷಿಯಸ್ ಎಂಬ ಸಸ್ಯಶಾಸ್ತ್ರಜ್ಞನು, ಪಾದ್ರಿಯೂ ಸಸ್ಯಾಸಕ್ತನೂ ಆಗಿದ್ದ ಟ್ರೆಂಟೆಪೋಲ್ ಎಂಬ ಜರ್ಮನ್ ಮಹನೀಯನ ನೆನಪಿಗಾಗಿ ಟ್ರೆಂಟೆಪೋಲಿಯಾ ಎಂಬ ಜಾತಿಯ ಹೆಸರನ್ನು ಸ್ಥಾಪಿಸಿದನು. ನಮ್ಮ ಗೋಡೆಗಳಲ್ಲಿ ಬಹುಮಟ್ಟಿಗೆ ಕಾಣುವುದು ಈ ಜಾತಿ ಮತ್ತು 1992ರಲ್ಲಿ ಇದರಿಂದ ಬೇರ್ಪಡಿಸಲಾದ ಪ್ರಿಂಟ್ಜಿನಾ ಜಾತಿ. ಇವುಗಳಲ್ಲದೆ ಎಲೆಯ ಮೇಲೆ ಚಪ್ಪಟೆಯಾದ ಬಿಲ್ಲೆಗಳಂತೆ ಹರಡುವ ಫೈಕೋಪೆಲ್ಟಿಸ್, ಎಲೆಯ ಉಸಿರಾಟದ ರಂಧ್ರಗಳೊಳಗೆ ಅಡಗಿ ಬಾಳುವ ಸ್ಟೊಮಾಟೋಕ್ರೂನ್, ಮತ್ತು ತೋಟಗಾರರಿಗೆ ತಲೆನೋವಾದ ಸೆಫಲ್ಯೂರಾಸ್ ಈ ಕುಟುಂಬದ ಇತರ ಮುಖ್ಯ ಜಾತಿಗಳು.

ನೀರನ್ನು ತೊರೆದವರು

ಈ ಕುಟುಂಬವು ಸೇರಿರುವ ವರ್ಗದ ಇತರ ಸದಸ್ಯರಲ್ಲಿ ಹೆಚ್ಚಿನವು ಸಮುದ್ರವಾಸಿಗಳು. ಕಡಲತೀರದ ಬಂಡೆಗಳಿಗೆ ಅಂಟಿಕೊಂಡು ಅಲೆಗೆ ಓಲಾಡುವ ಹಾಳೆಯಂತಹ ಹಸಿರು ಪಾಚಿ, ಅಂದರೆ ಉಲ್ವಾ, ಇವುಗಳ ದೂರದ ದಾಯಾದಿ. ಟ್ರೆಂಟೆಪೋಲಿಯೇಸಿಯಾದರೋ ನೀರನ್ನು ಬಿಟ್ಟು ಗಾಳಿಯಲ್ಲಿ ಸಂಸಾರ ಹೂಡಿತು. ಹೊಳೆಯಲ್ಲಿಯೂ ಕೆರೆಯಲ್ಲಿಯೂ ಇದನ್ನು ಹುಡುಕಿದರೆ ಸಿಗಲಾರದು. ಬಂಡೆ, ತೊಗಟೆ, ಎಲೆ, ಗಾರೆ, ಮರದ ಬೇಲಿ ಇವೇ ಅದರ ನೆಲೆಗಳು. ಗಾಳಿಯಲ್ಲಿನ ತೇವ, ಮಂಜು ಮತ್ತು ಆಗಾಗ ಬೀಳುವ ಮಳೆ ಇವಿಷ್ಟೇ ಅದರ ನೀರಾವರಿ. ಬೇಸಿಗೆಯಲ್ಲಿ ಒಣಗಿ ಸುಮ್ಮನಾಗುತ್ತದೆ. ಜೂನ್ ತಿಂಗಳಲ್ಲಿ ಮತ್ತೆ ಚಿಗುರುತ್ತದೆ. ಸತ್ತಿತೆಂದು ಏಪ್ರಿಲ್‌ನಲ್ಲಿ ಅದರ ಮೇಲೆಯೇ ಬಣ್ಣ ಬಳಿಯುವವರು ಮೋಸಹೋಗುವುದು ಇಲ್ಲಿಯೇ.

ಇದರ ದೇಹವು ಕವಲೊಡೆದ ಸೂಕ್ಷ್ಮ ಎಳೆಗಳಿಂದಾದುದು. ಕೆಲವು ಎಳೆಗಳು ಮೇಲ್ಮೈಯನ್ನು ಹಿಡಿದುಕೊಂಡು ಹರಿದಾಡುತ್ತವೆ, ಕೆಲವು ನೆಟ್ಟಗೆ ನಿಲ್ಲುತ್ತವೆ. ನೆಟ್ಟಗೆ ನಿಂತವುಗಳಿಂದಾಗಿಯೇ ಕೈಯಿಂದ ಸವರಿದಾಗ ಮಖಮಲ್ಲಿನ ಸ್ಪರ್ಶ ಉಂಟಾಗುವುದು. ಕೋಶಗಳ ಗೋಡೆ ದಪ್ಪವಾಗಿದ್ದು ಪದರ ಪದರವಾಗಿರುತ್ತದೆ. ಕೋಶವೊಂದು ಎರಡಾಗುವಾಗ ನಡುವೆ ತಟ್ಟೆಯೊಂದು ಕಟ್ಟಿಕೊಳ್ಳುವ ಕ್ರಮವು ನೆಲದ ಮೇಲಿನ ಗಿಡಮರಗಳಲ್ಲಿ ನಡೆಯುವ ಕ್ರಮವನ್ನೇ ಹೋಲುತ್ತದೆ. ಗಿಡಮರಗಳ ಪೂರ್ವಜರು ಬೇರೊಂದು ಶಾಖೆಯ ಹಸಿರು ಪಾಚಿಗಳು. ಈ ಕುಟುಂಬಕ್ಕೂ ಅವುಗಳಿಗೂ ನೇರವಾದ ವಂಶಸಂಬಂಧವಿಲ್ಲ. ನೆಲಕ್ಕೆ ಬಂದ ಎರಡು ಬೇರೆ ಬೇರೆ ಮನೆತನಗಳು ಒಂದೇ ಬಗೆಯ ಕಟ್ಟಡಶೈಲಿಯನ್ನು ಸ್ವತಂತ್ರವಾಗಿ ಕಂಡುಕೊಂಡಂತಾಯಿತು.

ಸಂತಾನ ಪ್ರಸಾರದ ವಿಧಾನವು ಇನ್ನೂ ಚಮತ್ಕಾರಿಕವಾದುದು. ಎಳೆಗಳ ತುದಿಯಲ್ಲಿ, ಬಾಗಿದ ತೊಟ್ಟಿನಂತಹ ಕೋಶದ ಮೇಲೆ, ಬೀಜಕಗಳ ಚೀಲವೊಂದು ಮೂಡುತ್ತದೆ. ಅದು ಬಲಿತಾಗ ಚೀಲವೇ ಇಡಿಯಾಗಿ ಕಳಚಿಕೊಂಡು ಗಾಳಿಯಲ್ಲಿ ತೇಲಿಹೋಗುತ್ತದೆ. ಅದು ಬಿದ್ದ ಜಾಗದಲ್ಲಿ ನೀರಿನ ತೆಳು ಪೊರೆ ದೊರೆತಾಗ ಒಡೆದು, ನಾಲ್ಕು ಬಾಲದೆಳೆಗಳ ಈಜುವ ಬೀಜಕಗಳನ್ನು ಹೊರಬಿಡುತ್ತದೆ. ಪೂರ್ವಜರ ಈಜುಗಾರಿಕೆಯನ್ನು ಈ ಜೀವಿಯು ಮರೆತಿಲ್ಲ. ಇದಲ್ಲದೆ ಮುರಿದ ಎಳೆಯ ತುಣುಕೂ ಗಾಳಿಯಲ್ಲಿ ಹಾರಿ ಹೊಸ ಗೋಡೆಯನ್ನು ಸೇರಿದರೆ ಅಲ್ಲಿಯೇ ಬೇರೂರಬಲ್ಲುದು.

ಈ ಗಾಳಿ ಸಂಚಾರದ ಅತ್ಯಂತ ಪ್ರಸಿದ್ಧ ಪ್ರಕರಣವು ನಮ್ಮ ನೆರೆರಾಜ್ಯದಲ್ಲಿಯೇ ನಡೆಯಿತು. 2001ರ ಜುಲೈ ಕೊನೆಯ ವಾರದಿಂದ ಸೆಪ್ಟೆಂಬರ್‌ವರೆಗೆ ಕೇರಳದ ಕೊಟ್ಟಾಯಂ, ಇಡುಕ್ಕಿ ಮುಂತಾದ ಜಿಲ್ಲೆಗಳಲ್ಲಿ ಆಗಾಗ ಕೆಂಪು ಮಳೆ ಸುರಿಯಿತು. ಉಲ್ಕೆಯೊಂದು ಸಿಡಿದುದರಿಂದ ಹೀಗಾಗಿರಬಹುದೆಂಬ ಅನುಮಾನ ಮೊದಲು ವ್ಯಕ್ತವಾಗಿತ್ತು. ಆದರೆ ತಿರುವನಂತಪುರದ ಭೂವಿಜ್ಞಾನ ಅಧ್ಯಯನ ಕೇಂದ್ರ ಮತ್ತು ಉಷ್ಣವಲಯ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆಗಳು ಆ ನೀರಿನಲ್ಲಿದ್ದ ಕಣಗಳನ್ನು ಬೆಳೆಸಿ ನೋಡಿ, ಅವು ಟ್ರೆಂಟೆಪೋಲಿಯಾ ಜಾತಿಯ ಬೀಜಕಗಳೆಂದು ಅದೇ ವರ್ಷದ ನವೆಂಬರ್‌ನಲ್ಲಿ ವರದಿ ಮಾಡಿದವು. ಅವು ಭೂಮಿಯಾಚೆಯಿಂದ ಬಂದ ಜೀವಕಣಗಳೆಂಬ ವಾದವೊಂದು 2006ರಲ್ಲಿ ಪ್ರಕಟವಾಗಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. 2015ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ಅವು ಟ್ರೆಂಟೆಪೋಲಿಯಾ ಆನುಲಾಟಾ ಎಂಬ ಪ್ರಭೇದದವೆಂದು ಗುರುತಿಸಿತಲ್ಲದೆ, ಯುರೋಪಿನಲ್ಲಿ ಕಂಡುಬಂದಿದ್ದ ಈ ಪ್ರಭೇದವು ಮೋಡಗಳೊಡನೆ ಬಂದಿರಬಹುದೆಂಬ ಊಹೆಯನ್ನೂ ಮುಂದಿಟ್ಟಿತು. ಅಷ್ಟು ದೂರದ ಪ್ರಯಾಣದ ವಿಚಾರವನ್ನು ತಜ್ಞರಿಗೆ ಬಿಡೋಣ. ಪಕ್ಕದ ತೋಟದ ತೆಂಗಿನ ಕಾಂಡದಿಂದ ನಮ್ಮ ಉಗ್ರಾಣದ ಗೋಡೆಗೆ ದಾಟುವುದು ಇಂತಹ ಜೀವಿಗೆ ಯಾವ ಪ್ರಯಾಸದ ಕೆಲಸವೂ ಅಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ತೀರದ ಪಾಯಿಂಟ್ ಲೋಬೋಸ್ ಎಂಬಲ್ಲಿ ಸೈಪ್ರೆಸ್ ಮರಗಳ ಕೊಂಬೆಗಳು ಈ ಪಾಚಿಯಿಂದ ಕಿತ್ತಳೆಯಾಗಿ, ನೋಡಲು ಜನ ಬರುತ್ತಾರೆ. ಚೀನಾದ ಸಿಚುವಾನ್ ಪ್ರಾಂತದ ಗೊಂಗ್ಗಾ ಪರ್ವತದ ಕಣಿವೆಗಳಲ್ಲಿ ಇದೇ ಜಾತಿಯ ಪಾಚಿ ಹೊಳೆಯಂಚಿನ ಬಂಡೆಗಳನ್ನೆಲ್ಲ ಕೆಂಪಾಗಿಸಿದ್ದು, ಅಲ್ಲಿ ಕೆಂಪು ಕಲ್ಲಿನ ಕಣಿವೆಯೆಂದೇ ಪ್ರವಾಸೋದ್ಯಮ ಬೆಳೆದಿದೆ. ಬಂಡವಾಳ ಹೂಡದೆ ಆದಾಯ ತಂದ ಪಾಚಿ ಎನ್ನಬಹುದು! ಬೀಟಾ ಕ್ಯಾರೋಟಿನ್ ತೆಗೆಯುವ ಉದ್ದಿಮೆಗೆ ಇದನ್ನು ಬಳಸಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಉತ್ಸಾಹಿ ಸದಸ್ಯರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಜಗತ್ತಿನಲ್ಲಿ ಬಳಕೆಯಲ್ಲಿರುವುದು ಉಪ್ಪುನೀರಿನಲ್ಲಿ ಬೆಳೆಯುವ ಡ್ಯುನಲಿಯೆಲ್ಲಾ ಎಂಬ ಬೇರೊಂದು ಹಸಿರು ಪಾಚಿ. ಟ್ರೆಂಟೆಪೋಲಿಯಾ ಬೆಳೆಯುವ ನಿಧಾನಗತಿಯನ್ನು ನೋಡಿದರೆ ಅದನ್ನು ನಂಬಿ ಸಾಲ ಮಾಡುವುದು ಉಚಿತವಲ್ಲ.

ಗೋಡೆಯ ಲೆಕ್ಕಾಚಾರ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಭಾಗ ನಾಲ್ಕೇ ತಿಂಗಳಲ್ಲಿ ಬರುತ್ತದೆ. ಹಿಂದಿನವರು ಇದಕ್ಕೆ ತಕ್ಕ ವ್ಯವಸ್ಥೆಗಳನ್ನು ಮಾಡಿಕೊಂಡಿದ್ದರು. ಮಾಡಿನ ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿರುತ್ತಿತ್ತು. ಎರಚಲು ಹೊಡೆಯುವ ಬದಿಗೆ ಅಡಿಕೆ ಸೋಗೆ ಅಥವಾ ತೆಂಗಿನ ಮಡಲಿನ ತಟ್ಟಿಗಳನ್ನು ಕಟ್ಟುತ್ತಿದ್ದರು. ಮಳೆ ಕಳೆದ ಮೇಲೆ ಚಿಪ್ಪಿನ ಸುಣ್ಣವನ್ನು ಬಳಿಯುತ್ತಿದ್ದರು. ಹೊಸ ಸುಣ್ಣದ ಕ್ಷಾರಗುಣವು ಎಷ್ಟು ತೀಕ್ಷ್ಣವೆಂದರೆ ಯಾವ ಪಾಚಿಯೂ ಅದರ ಮೇಲೆ ತಳವೂರಲಾರದು. ಕ್ರಮೇಣ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಸುಣ್ಣವು ತನ್ನ ಕ್ಷಾರವನ್ನು ಕಳೆದುಕೊಳ್ಳುತ್ತದೆ. ಅಷ್ಟರಲ್ಲಿ ಮುಂದಿನ ವರ್ಷದ ಸುಣ್ಣ ಬರುತ್ತಿತ್ತು. ಸಿಮೆಂಟಿನ ಗಾರೆಯ ಸ್ಥಿತಿಯೂ ಇದೇ: ಹೊಸದಿದ್ದಾಗ ಪಾಚಿ ಸುಳಿಯುವುದಿಲ್ಲ, ಕೆಲವು ವರ್ಷಗಳ ನಂತರ ಮನೆಮಾಡುತ್ತದೆ. "ಕಟ್ಟಿದಾಗ ಇರಲಿಲ್ಲ, ಈಗ ಬಂದಿದೆ, ಆದ್ದರಿಂದ ಈಚಿನ ಬಣ್ಣವೇ ಕಾರಣ" ಎಂಬ ತರ್ಕವು ಎಷ್ಟು ದುರ್ಬಲವೆಂಬುದು ಇದರಿಂದ ತಿಳಿಯುತ್ತದೆ.

ಇಂದಿನ ಕಟ್ಟಡಗಳಲ್ಲಿ ಸೂರು ಕಿರಿದಾಗಿದೆ, ಕೆಲವೆಡೆ ಇಲ್ಲವೇ ಇಲ್ಲ. ಮಾಡಿನ ನೀರಿನ ಪೈಪು ಒಡೆದಲ್ಲಿ, ಕಿಟಕಿಯ ಕೆಳಗಿನ ಹಲಗೆಯಿಂದ ನೀರು ಗೋಡೆಗೆ ಇಳಿಯುವಲ್ಲಿ, ಹವಾನಿಯಂತ್ರಕದ ನೀರು ತೊಟ್ಟಿಕ್ಕುವಲ್ಲಿ ಕಿತ್ತಳೆ ಪಟ್ಟೆ ಮೊದಲು ಕಾಣಿಸಿಕೊಳ್ಳುತ್ತದೆ. ಈ ಪಟ್ಟೆಗಳನ್ನು ನೀರಿನ ದಾರಿಯ ನಕ್ಷೆಯೆಂದು ಓದಬಹುದು. ಸಿಂಗಾಪುರದ ಬಹುಮಹಡಿ ಕಟ್ಟಡಗಳ ಗೋಡೆಗಳಲ್ಲಿಯೂ ಟ್ರೆಂಟೆಪೋಲಿಯಾ ಓಡೊರಾಟಾ ಎಂಬ ಪ್ರಭೇದದ ಕಾಟವಿದ್ದು, ಅಲ್ಲಿನ ವಿಜ್ಞಾನಿಗಳು 1980ರ ಸುಮಾರಿನಿಂದಲೇ ಅದನ್ನು ಅಧ್ಯಯನ ಮಾಡಿದ್ದಾರೆ. ಐರ್ಲೆಂಡಿನಂತಹ ತಂಪು ದೇಶದಲ್ಲಿಯೂ ಇದು ಸಾಮಾನ್ಯ. ನೆದರ್ಲೆಂಡ್ಸ್‌ನಲ್ಲಿ ಟ್ರೆಂಟೆಪೋಲಿಯಾವನ್ನು ಒಳಗೊಂಡ ಕಲ್ಲುಹೂವುಗಳು ಹೆಚ್ಚುತ್ತಿರುವುದಕ್ಕೂ ಹವೆ ಬೆಚ್ಚಗಾಗುತ್ತಿರುವುದಕ್ಕೂ ಸಂಬಂಧವಿದೆಯೆಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದೆ.

ಹಾಗಾದರೆ ಇದರಿಂದ ಗೋಡೆಗೆ ಆಗುವ ಹಾನಿಯೆಷ್ಟು? ಬಹುಮಟ್ಟಿಗೆ ಅಂದಗೇಡು ಮಾತ್ರ. ಪಾಚಿಯ ಪದರವು ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಬಣ್ಣದ ಪೊರೆ ಬೇಗ ಸಡಿಲವಾಗುತ್ತದೆ, ಬಿರುಕುಗಳಲ್ಲಿ ಇಳಿದ ಎಳೆಗಳು ಹಿಗ್ಗಿ ಕುಗ್ಗಿ ಮೇಲ್ಪದರವನ್ನು ಹಪ್ಪಳವೇಳಿಸಬಹುದು. ಆದರೆ ಕಟ್ಟಡದ ಬಲಕ್ಕೆ ಧಕ್ಕೆಯಿಲ್ಲ. ಸರಳುಗಳ ತುಕ್ಕಾದರೆ ವಿಷಯ ಬೇರೆ, ಅದನ್ನು ಉಪೇಕ್ಷಿಸುವಂತಿಲ್ಲ. ಆದ್ದರಿಂದ ಇವೆರಡನ್ನು ಬೇರ್ಪಡಿಸಿ ಗುರುತಿಸುವುದೇ ಮೊದಲ ಕರ್ತವ್ಯ. ಕಬ್ಬಿಣದ ಕಲೆಯು ಮೊಳೆ, ಸರಳು ಅಥವಾ ಬಿರುಕಿನಿಂದ ಹೊರಟು ಕೆಳಗಿಳಿಯುತ್ತದೆ, ಮೇಲ್ಮೈ ನುಣುಪಾಗಿಯೇ ಇರುತ್ತದೆ. ಪಾಚಿಯು ಎಲ್ಲ ದಿಕ್ಕಿಗೂ ಹರಡುತ್ತದೆ, ಮುಟ್ಟಿದರೆ ಮೃದು, ಸಾಮಾನ್ಯ ಭೂತಗನ್ನಡಿಯಲ್ಲಿ ಎಳೆಗಳು ಕಾಣುತ್ತವೆ. ಸಂಶಯವಿದ್ದಲ್ಲಿ ಒಂದು ಕಡೆ ಬ್ಲೀಚಿಂಗ್ ಪುಡಿಯ ನೀರನ್ನು ಹಚ್ಚಿ ನೋಡಬೇಕು. ಪಾಚಿಯಾದರೆ ಬಣ್ಣ ಮಾಸುತ್ತದೆ, ತುಕ್ಕಾದರೆ ಕದಲುವುದಿಲ್ಲ. ತುಕ್ಕನ್ನು ಮಾಸಿಸುವುದು ನಿಂಬೆರಸ ಅಥವಾ ಆಕ್ಸಾಲಿಕ್ ಆಮ್ಲ. ಇವೆರಡನ್ನೂ ಒಂದೇ ಜಾಗಕ್ಕೆ ಹಚ್ಚಕೂಡದು. ಬ್ಲೀಚಿಂಗ್ ಪುಡಿಗೆ ಆಮ್ಲ ತಗಲಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ನಿವಾರಣೆಯ ವಿಷಯದಲ್ಲಿ ಕ್ರಮ ಮುಖ್ಯವಾದುದು. ಮೊದಲು ನೀರಿನ ದಾರಿಯನ್ನು ತಪ್ಪಿಸಬೇಕು, ಅನಂತರ ಪಾಚಿಯನ್ನು ಕೊಲ್ಲಬೇಕು, ಆಮೇಲೆ ಉಜ್ಜಿ ತೊಳೆದು ಒಣಗಿಸಬೇಕು, ಕೊನೆಗೆ ಬಣ್ಣ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ತಲೆಕೆಳಗು: ಒಣ ಬ್ರಷ್ಷಿನಿಂದ ಎರಡು ಬಾರಿ ಕೆರೆದು ಬಣ್ಣ ಬಳಿದುಬಿಡುತ್ತಾರೆ. ಒಣ ಬ್ರಷ್ಷು ಎಳೆಗಳ ತುಣುಕುಗಳನ್ನು ಗೋಡೆಯ ತುಂಬ ಬಿತ್ತುವ ಕೆಲಸವನ್ನೇ ಮಾಡುತ್ತದೆ. ಪಾಚಿನಿರೋಧಕ ರಾಸಾಯನಿಕಗಳನ್ನು ಬೆರೆಸಿದ ಬಣ್ಣಗಳು ಪೇಟೆಯಲ್ಲಿ ದೊರೆಯುತ್ತವೆ, ಅವು ಪರಿಣಾಮಕಾರಿಯೂ ಹೌದು. ಆದರೆ ಆ ರಾಸಾಯನಿಕಗಳು ಕೆಲಸ ಮಾಡುವುದೇ ಸ್ವಲ್ಪ ಸ್ವಲ್ಪವಾಗಿ ನೀರಿನಲ್ಲಿ ಕರಗುವುದರಿಂದ. ಯುರೋಪಿನ ಕಟ್ಟಡಗಳ ಗೋಡೆಗಳಿಂದ ಡೈಯುರಾನ್, ಟರ್ಬ್ಯುಟ್ರಿನ್ ಮುಂತಾದವು ಮಳೆನೀರಿನೊಡನೆ ತೊಳೆದು ಹಳ್ಳಗಳನ್ನು ಸೇರುತ್ತಿರುವುದನ್ನು ಅಲ್ಲಿನ ಸಂಶೋಧಕರು ಅಳೆದು ತೋರಿಸಿದ್ದಾರೆ. ಗೋಡೆಯಿಂದ ಹತ್ತು ಹೆಜ್ಜೆಯಲ್ಲಿ ಕುಡಿಯುವ ನೀರಿನ ಬಾವಿಯಿರುವ ನಮ್ಮ ಊರುಗಳಲ್ಲಿ ಇದು ಯೋಚಿಸಬೇಕಾದ ಸಂಗತಿ. ಅಂತಹ ಬಣ್ಣಕ್ಕೆ ಹಣ ಕೊಡುವ ಮೊದಲು ಆ ಹಣದಲ್ಲಿ ಎರಡಡಿ ಸೂರು ಹೆಚ್ಚಿಸಲು ಸಾಧ್ಯವೇ ಎಂದು ಲೆಕ್ಕ ಹಾಕುವುದು ಮೇಲೆಂದು ಈ ಲೇಖಕನ ಅಭಿಪ್ರಾಯ.

ಎಲೆಯ ಮೇಲಿನ ಕೆಂಪು

ಕುಟುಂಬದ ಇನ್ನೊಂದು ಶಾಖೆಯ ಕಥೆ ತೋಟಕ್ಕೆ ಸಂಬಂಧಿಸಿದುದು. ಚಹಾ, ಮಾವು, ಪೇರಲೆ, ಕಾಳುಮೆಣಸು, ಕಾಫಿ ಮುಂತಾದ ಗಿಡಗಳ ಬಲಿತ ಎಲೆಗಳ ಮೇಲೆ ನಾಣ್ಯದಂತೆ ದುಂಡಗಿನ, ತುಸು ಉಬ್ಬಿದ, ಮೊದಲು ಬೂದುಹಸಿರಾಗಿದ್ದು ಅನಂತರ ಕಿತ್ತಳೆಗೆಂಪಾಗುವ ಮಚ್ಚೆಗಳನ್ನು ಬೆಳೆಗಾರರು ಕಂಡಿರುತ್ತಾರೆ. ಇದು ಸೆಫಲ್ಯೂರಾಸ್. ಅದರ ಸಾಮಾನ್ಯ ಪ್ರಭೇದವು ಎಲೆಯ ಮೇಣದ ಹೊರಪೊರೆಯ ಕೆಳಗೆ ನುಸುಳಿ ಹಾಸಿಕೊಳ್ಳುತ್ತದೆ; ಪ್ಯಾರಾಸಿಟಿಕಸ್ ಎಂಬ ಇನ್ನೊಂದು ಪ್ರಭೇದವು ಎಲೆಯ ಒಳಕೋಶಗಳ ನಡುವೆಯೂ ಇಳಿದು ಅಲ್ಲಿನ ಅಂಗಾಂಶವನ್ನು ಕೊಲ್ಲುತ್ತದೆ. ತನ್ನ ಆಹಾರವನ್ನು ತಾನೇ ಬೆಳಕಿನಿಂದ ತಯಾರಿಸಿಕೊಳ್ಳಬಲ್ಲ ಜೀವಿಯೊಂದು ಪರಾವಲಂಬಿಯಾಗಿರುವುದು ವಿರಳ. ಪೇರಲೆಯ ಕಾಯಿಯ ಸಿಪ್ಪೆಯ ಮೇಲೆಯೂ ಇದರ ಕಪ್ಪು ಮಚ್ಚೆಗಳು ಬೀಳುತ್ತವೆ. ತಿನ್ನಲು ಅಡ್ಡಿಯಿಲ್ಲವಾದರೂ ಮಂಡಿಯಲ್ಲಿ ದರ ಇಳಿಯಲು ಅಷ್ಟೇ ಸಾಕು.

ಈ ಜೀವಿಯ ವೈಜ್ಞಾನಿಕ ಅಧ್ಯಯನದಲ್ಲಿ ಭಾರತ ಮತ್ತು ಸಿಂಹಳಗಳಿಗೆ ದೊಡ್ಡ ಪಾತ್ರವಿದೆ. ಕಲ್ಕತ್ತೆಯಲ್ಲಿದ್ದ ವೈದ್ಯ ಡಿ. ಡಿ. ಕನ್ನಿಂಗ್‌ಹ್ಯಾಮ್ ಎಲೆಗಳ ಮೇಲಿನ ಪರಾವಲಂಬಿ ಪಾಚಿಯ ವಿವರಣೆಯನ್ನು 1879ರಲ್ಲಿ ಪ್ರಕಟಿಸಿದನು. ಕಾಫಿಯ ಎಲೆತುಕ್ಕು ರೋಗವು 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿ ಉದ್ಯಮವನ್ನು ನೆಲಕಚ್ಚಿಸುತ್ತಿದ್ದಾಗ, ಅದರ ತನಿಖೆಗಾಗಿ 1880ರಲ್ಲಿ ಅಲ್ಲಿಗೆ ಬಂದ ಮಾರ್ಷಲ್ ವಾರ್ಡ್ ಎಂಬ ತರುಣ ವಿಜ್ಞಾನಿ, ಆ ಶಿಲೀಂಧ್ರದ ಜೊತೆಯಲ್ಲಿ ಈ ಪಾಚಿಯನ್ನೂ ಕೂಲಂಕಷವಾಗಿ ಅಭ್ಯಾಸ ಮಾಡಿದನು. ಕಾಫಿ ಕೈಬಿಟ್ಟ ಸಿಂಹಳದ ತೋಟಗಳು ಚಹಾಕ್ಕೆ ತಿರುಗಿದವು. ಆ ಚಹಾ ಗಿಡದ ಕೆಂಪು ತುಕ್ಕೆಂದರೆ ಇದೇ ಪಾಚಿ! ಭಾರತೀಯ ಚಹಾ ಸಂಘದ ವೈಜ್ಞಾನಿಕ ಅಧಿಕಾರಿಯಾಗಿದ್ದ ಹೆರಾಲ್ಡ್ ಮ್ಯಾನ್ ಮತ್ತು ಹಚಿನ್‌ಸನ್ 1907ರಲ್ಲಿ ಪ್ರಕಟಿಸಿದ ವರದಿಯು ಈ ವಿಷಯದಲ್ಲಿ ಬಹುಕಾಲ ಆಧಾರಗ್ರಂಥವಾಗಿತ್ತು.

ಎರಡಕ್ಕೂ ತುಕ್ಕು ಎಂಬ ಒಂದೇ ಹೆಸರು ಬಿದ್ದುದರಿಂದ ಉಂಟಾದ ಗೊಂದಲ ಇಂದಿಗೂ ಬೆಳೆಗಾರರ ಕಿಸೆಗೆ ಭಾರವಾಗಿದೆ. ಕಾಫಿಯ ನಿಜವಾದ ಎಲೆತುಕ್ಕು ಶಿಲ್ಪಿಸಿದಂತೆ ಎಲೆಯ ಕೆಳಮೈಯಲ್ಲಿ ಕಿತ್ತಳೆ ಪುಡಿಯಾಗಿ ಕಾಣುತ್ತದೆ, ಬೆರಳಿಗೆ ಹತ್ತುತ್ತದೆ, ಎಲೆ ಉದುರುತ್ತದೆ. ಪಾಚಿಯ ಮಚ್ಚೆ ಹೆಚ್ಚಾಗಿ ಮೇಲ್ಮೈಯಲ್ಲಿದ್ದು, ಪುಡಿಯಾಗಿರದೆ ಮಖಮಲ್ಲಿನಂತಿರುತ್ತದೆ. ಶಿಲೀಂಧ್ರದ ದೇಹರಚನೆಯನ್ನೇ ಗುರಿಯಿಟ್ಟು ತಯಾರಿಸಿದ ದುಬಾರಿ ಔಷಧಿಗಳನ್ನು ಪಾಚಿಯ ಮೇಲೆ ಸಿಂಪಡಿಸುವುದು ಹಣವನ್ನು ನೀರಿಗೆ ಚೆಲ್ಲಿದಂತೆ. ಪಾಚಿಗೆ ಸಲ್ಲುವುದು ತಾಮ್ರ. ನಮ್ಮ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ, ಅಂದರೆ ಒಂದು ಕಿಲೋಗ್ರಾಂ ಮೈಲುತುತ್ತ ಮತ್ತು ಒಂದು ಕಿಲೋಗ್ರಾಂ ಸುಣ್ಣವನ್ನು 100 ಲೀಟರ್ ನೀರಿಗೆ ಸೇರಿಸಿದ ಶೇಕಡಾ 1ರ ಮಿಶ್ರಣ, ಅಥವಾ ತಾಮ್ರದ ಆಕ್ಸಿಕ್ಲೋರೈಡ್ ಇದನ್ನು ಹತೋಟಿಗೆ ತರುತ್ತದೆ.

ಆದರೆ ತಾಮ್ರವನ್ನೂ ಕಣ್ಣುಮುಚ್ಚಿ ಬಳಸುವ ಕಾಲ ಹೋಯಿತು. ಅದು ಮಣ್ಣಿನಲ್ಲಿ ಕೊಳೆಯದೆ ಸಂಚಯವಾಗುತ್ತದೆ. ಯುರೋಪ್ ಒಕ್ಕೂಟದಲ್ಲಿ ಏಳು ವರ್ಷಗಳ ಅವಧಿಯಲ್ಲಿ ಹೆಕ್ಟೇರಿಗೆ 28 ಕಿಲೋಗ್ರಾಂಗಿಂತ ಹೆಚ್ಚು ತಾಮ್ರವನ್ನು ಬಳಸುವಂತಿಲ್ಲವೆಂಬ ಮಿತಿಯನ್ನು 2019ರಿಂದ ಜಾರಿಗೆ ತರಲಾಗಿದೆ. ಸಾವಯವ ಮೆಣಸು, ಕಾಫಿಗಳನ್ನು ಹೊರದೇಶಕ್ಕೆ ಕಳುಹಿಸುವ ನಮ್ಮ ಸದಸ್ಯರು ಸಿಂಪಡಣೆಯ ದಾಖಲೆಯನ್ನು ಇಟ್ಟಿರುವುದು ಕ್ಷೇಮ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಸೆಫಲ್ಯೂರಾಸ್ ಪುಷ್ಟವಾದ ಗಿಡವನ್ನು ಅಷ್ಟಾಗಿ ಕಾಡುವುದಿಲ್ಲ. ಚಹಾ ತೋಟಗಳ ಅನುಭವದಂತೆ, ನೀರು ಬಸಿಯದ ನೆಲ, ಪೊಟ್ಯಾಷ್ ಕೊರತೆ, ಬಡಕಲು ಬೆಳವಣಿಗೆ ಇರುವಲ್ಲಿಯೇ ಅದು ಎಲೆಯಿಂದ ಕಾಂಡಕ್ಕೆ ಇಳಿದು ರೆಂಬೆಗಳನ್ನು ಒಣಗಿಸುತ್ತದೆ. ಹಳೆಯ ಎಲೆಗಳ ಮೇಲೆ ನಾಲ್ಕು ಮಚ್ಚೆ ಕಂಡೊಡನೆ ಔಷಧಿಯ ಅಂಗಡಿಗೆ ಹೋಗುವುದಕ್ಕಿಂತ ಬಸಿಗಾಲುವೆಯನ್ನು ನೋಡಿ ಬರುವುದು ಅಗ್ಗವೂ ಹೌದು, ಫಲಕಾರಿಯೂ ಹೌದು.

ಈ ಕುಟುಂಬದ ಮತ್ತೊಂದು ಪಾತ್ರವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ಕಲ್ಲುಹೂವೆಂಬುದು ಶಿಲೀಂಧ್ರ ಮತ್ತು ಪಾಚಿಗಳ ಕೂಡುವ್ಯಾಪಾರ. ಪಾಚಿಯದು ಆಹಾರದ ಬಂಡವಾಳ, ಶಿಲೀಂಧ್ರದ್ದು ಕಟ್ಟಡ. ಪಶ್ಚಿಮ ಘಟ್ಟದ ಮರಗಳ ತೊಗಟೆಯ ಮೇಲೆ ಗೀಚಿದ ಅಕ್ಷರಗಳಂತೆ ಕಾಣುವ ಗ್ರಾಫಿಡೇಸಿ ಗುಂಪಿನ ಕಲ್ಲುಹೂವುಗಳಲ್ಲಿ ಪಾಲುದಾರನಾಗಿರುವುದು ಬಹುಮಟ್ಟಿಗೆ ಟ್ರೆಂಟೆಪೋಲಿಯಾ. ಮಸಾಲೆ ವ್ಯಾಪಾರದಲ್ಲಿ ಮಾರಾಟವಾಗುವ ಎಲೆಯಂತಹ ಕಲ್ಲುಹೂವಿನಲ್ಲಿರುವುದು ಟ್ರೆಬೌಕ್ಸಿಯಾ ಎಂಬ ಬೇರೆ ಹಸಿರು ಪಾಚಿ. ಕಿತ್ತಳೆ ಪಾಚಿಯನ್ನು ಕೆರೆದು ಮಸಾಲೆಗೆ ಬೆರೆಸುವ ಆಲೋಚನೆ ಯಾರಿಗೂ ಬಾರದಿರಲಿ.

ಇನ್ನು ಉಗ್ರಾಣದ ತಕರಾರಿನ ವಿಷಯ. ಗಾರೆ ಒಡೆಯುವ ಮುನ್ನ ಒಂದು ದಿನ ಮೂವರೂ ಗೋಡೆಯ ಮುಂದೆ ಸೇರುವಂತಾಯಿತು. ಒಂದು ಅಂಗೈಯಗಲಕ್ಕೆ ಬ್ಲೀಚಿಂಗ್ ಪುಡಿಯ ನೀರು, ಅಲ್ಲಿಂದ ಮಾರುದೂರದಲ್ಲಿ ಇನ್ನೊಂದು ಅಂಗೈಯಗಲಕ್ಕೆ ನಿಂಬೆರಸ ಹಚ್ಚಲಾಯಿತು. ಚಹಾ ಕುಡಿದು ಬರುವಷ್ಟರಲ್ಲಿ ಮೊದಲನೆಯ ಜಾಗ ಬಿಳುಪೇರಿತ್ತು, ಎರಡನೆಯದು ಹಾಗೆಯೇ ಇತ್ತು. ಸರಳಿನ ಭಯ ಅಲ್ಲಿಗೆ ಮುಗಿಯಿತು. ಆದರೆ ಗುತ್ತಿಗೆದಾರರು ಸಂಪೂರ್ಣ ನಿರ್ದೋಷಿಗಳೆಂದು ಆಗಲಿಲ್ಲ. ಬಣ್ಣದ ಹಪ್ಪಳವೊಂದನ್ನು ಎತ್ತಿ ನೋಡಿದಾಗ ಅದರ ಅಡಿಯಲ್ಲಿಯೂ ಕಿತ್ತಳೆ ಕಂಡಿತು. ಹಳೆಯ ಪಾಚಿಯನ್ನು ಕೊಲ್ಲದೆ ಬಳಿದಿದ್ದರು. ಗುಮಾಸ್ತೆಯೊಬ್ಬರು ಮಾಡಿನ ಕಡೆಗೆ ಕೈತೋರಿಸಿದಾಗ, ಒಡೆದ ದೋಣಿಯಿಂದ ಎರಡು ಮಳೆಗಾಲ ನೀರು ಅದೇ ಗೋಡೆಗೆ ಇಳಿದಿರುವುದು ಮಾಲೀಕರ ಗಮನಕ್ಕೂ ಬಂದಿತು. ದೋಣಿಯ ರಿಪೇರಿ ಮಾಲೀಕರದು, ತೊಳೆದು ಮರಳಿ ಬಳಿಯುವ ಕೂಲಿ ಗುತ್ತಿಗೆದಾರರದು, ಬಣ್ಣದ ಬೆಲೆಯಲ್ಲಿ ಇಬ್ಬರಿಗೂ ಅರ್ಧರ್ಧ ಎಂದು ಒಪ್ಪಂದವಾಗಿ, ಠೇವಣಿ ಕೈಬದಲಾಯಿತು. ಆ ವ್ಯಾಪಾರಿಯ ಈಗಿನ ಬಣ್ಣದ ಕರಾರುಪತ್ರದಲ್ಲಿ ಎರಡು ಸಾಲುಗಳು ಹೆಚ್ಚಾಗಿವೆ: ಬಳಿಯುವ ಮೊದಲು ಪಾಚಿಯನ್ನು ಕೊಂದು ತೊಳೆದು, ಗೋಡೆ ಒಣಗಿದುದನ್ನು ಇಬ್ಬರೂ ನೋಡಿ ಸಹಿ ಹಾಕತಕ್ಕದ್ದು, ಮಾಡಿನ ದೋಣಿ, ಪೈಪುಗಳನ್ನು ಪ್ರತಿ ವರ್ಷ ಮೇ ತಿಂಗಳ ಒಳಗೆ ಮಾಲೀಕರು ದುರಸ್ತಿ ಮಾಡಿಸತಕ್ಕದ್ದು.